ಕೆರೆ ನೀರು ಹಸಿರಾಗಿದೆಯೇ? ರಾಸುಗಳಿಗೆ ಕುಡಿಸುವ ಮುನ್ನ ನೋಡಿ

ಬೇಸಿಗೆಯಲ್ಲಿ ಕೆರೆ ನೀರು ತಗ್ಗಿದಾಗ, ಬಣ್ಣ ಚೆಲ್ಲಿದಂತೆ ಹಸಿರು ಕೆನೆ ಕಟ್ಟುವುದನ್ನು ನೀವು ನೋಡಿರುತ್ತೀರಿ. 'ಪಾಚಿ ತಾನೇ' ಎಂದು ಹಸು, ಎಮ್ಮೆಗಳನ್ನು ನೀರಿಗೆ ಬಿಡಬೇಡಿ. ಈ ಹಸಿರು-ನೀಲಿ ಪಾಚಿಯ ಕೆಲವು ಜಾತಿಗಳು ವಿಷಕಾರಿ. ಆಸ್ಟ್ರೇಲಿಯಾದ ಒಂದು ಸರೋವರದಲ್ಲಿ ಇಂಥ ನೀರು ಕುಡಿದು ಕುರಿ, ಕುದುರೆಗಳು ಸತ್ತದ್ದು 1878ರಲ್ಲೇ ವರದಿಯಾಗಿತ್ತು.

ಪಾಚಿ ಹೆಚ್ಚುವುದೇಕೆ?
ಗೊಬ್ಬರ ಬಿದ್ದ ಹೊಲದಲ್ಲಿ ಪೈರು ಹುಲುಸಾಗುತ್ತದೆ. ಕೆರೆಯಲ್ಲೂ ಹಾಗೆಯೇ. ತಿಪ್ಪೆಯ ಸಗಣಿ, ಗಂಜಲ, ಹೊಲದ ರಸಗೊಬ್ಬರ, ಊರಿನ ಚರಂಡಿ ನೀರು ಕೆರೆ ಸೇರಿದರೆ ರಂಜಕ ಮತ್ತು ಸಾರಜನಕ ಹೆಚ್ಚಿ ಪಾಚಿ ಬೆಳೆಯುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನುಗಳೂ ಸಾಯುತ್ತವೆ.

ಅಳೆಯುವುದು ಹೇಗೆ?
ಪ್ರಯೋಗಾಲಯದಲ್ಲಿ ನೀರಿನ ರಂಜಕವನ್ನೂ ಪಾಚಿಯ ಪತ್ರಹರಿತ್ತನ್ನೂ ಅಳೆಯುತ್ತಾರೆ. ಇದಕ್ಕಿಂತ ಸುಲಭವಾದ ಸಾಧನ ಸೆಕ್ಕಿ ತಟ್ಟೆ. 1865ರಲ್ಲಿ ಇಟಲಿಯ ವಿಜ್ಞಾನಿ ಸೆಕ್ಕಿ ಬಿಳಿ ತಟ್ಟೆಯನ್ನು ನೀರಿಗಿಳಿಸಿ ತಿಳಿತನ ಅಳೆದರು. ಈಗ ಕೆರೆಗಳಲ್ಲಿ ಬಳಸುವ ತಟ್ಟೆ 20 ಸೆಂ.ಮೀ. ಅಗಲದ್ದು, ಕಪ್ಪು-ಬಿಳುಪು ಬಣ್ಣದ್ದು. ಹಗ್ಗ ಕಟ್ಟಿ ಇಳಿಸುತ್ತಾ, ತಟ್ಟೆ ಕಣ್ಮರೆಯಾಗುವ ಆಳವನ್ನು ಗುರುತಿಸುತ್ತಾರೆ.

1977ರಲ್ಲಿ ಕಾರ್ಲ್‌ಸನ್ ಎಂಬ ವಿಜ್ಞಾನಿ ಇದಕ್ಕೆ ಅಂಕ ಕೊಟ್ಟರು:
• 2 ಮೀಟರ್ ಆಳದಲ್ಲಿ ಮರೆಯಾದರೆ 50
• 1 ಮೀಟರ್‌ನಲ್ಲಿ 60
• ಅರ್ಧ ಮೀಟರ್‌ನಲ್ಲಿ 70

ಅಂಕ ಹೆಚ್ಚಿದಷ್ಟೂ ಕೆರೆಯಲ್ಲಿ ಗೊಬ್ಬರಾಂಶ ಮತ್ತು ಪಾಚಿ ಹೆಚ್ಚು. ಆದರೆ ಮಳೆಗಾಲದ ಕೆಂಪು ನೀರಿನಲ್ಲಿ ತಟ್ಟೆ ಮಣ್ಣಿನಿಂದಲೂ ಮರೆಯಾಗುತ್ತದೆ. ಆದ್ದರಿಂದ ನೀರಿನ ಬಣ್ಣವನ್ನೂ ನೋಡಬೇಕು. ವಿಷ ಇದೆಯೋ ಇಲ್ಲವೋ ಎಂಬುದನ್ನು ತಟ್ಟೆ ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು.

ನೀವು ಮಾಡಬೇಕಾದದ್ದು
• ಹಸಿರು ಕೆನೆ ಕಂಡರೆ ರಾಸುಗಳನ್ನು ಕೆರೆಗೆ ಬಿಡದೆ, ಕೊಳವೆಬಾವಿ ಅಥವಾ ನಲ್ಲಿ ನೀರು ಕೊಡಿ. ಗಾಳಿ ಬೀಸುವ ಕಡೆಯ ದಡದಲ್ಲಿ ಕೆನೆ ದಟ್ಟವಾಗಿ ಸೇರುತ್ತದೆ.
• ಈ ನೀರನ್ನು ಕುದಿಸಿದರೂ ವಿಷ ಹೋಗುವುದಿಲ್ಲ.
• ಕೆರೆ ನೀರು ಕುಡಿದ ರಾಸು ನಡುಗಿದರೆ, ತೂರಾಡಿದರೆ, ಭೇದಿ ಮಾಡಿದರೆ, ಉಸಿರಾಡಲು ಕಷ್ಟಪಟ್ಟರೆ ಕೂಡಲೇ ಪಶುವೈದ್ಯರನ್ನು ಕರೆಸಿ. ತಡ ಮಾಡಿದರೆ ಪ್ರಾಣಕ್ಕೇ ಅಪಾಯ.
• ತಿಪ್ಪೆಯನ್ನು ಕೆರೆ ಮತ್ತು ಹಳ್ಳದಿಂದ ದೂರವಿಡಿ. ಕೊಟ್ಟಿಗೆ ತೊಳೆದ ನೀರನ್ನು ಮೇವಿನ ಹುಲ್ಲಿಗೆ ಹಾಯಿಸಿ.

ಕೆರೆಗೆ ಹೋದರೆ ಪಾಚಿಯಾಗುವ ಸಗಣಿ, ಹೊಲಕ್ಕೆ ಹೋದರೆ ಮೇವಾಗುತ್ತದೆ.