ಮಹಾಗನಿ ಒಡಲಿನ ಐಎನ್‌ಎಸ್ ಕಾರವಾರ

1956ರಲ್ಲಿ ಭಾರತೀಯ ನೌಕಾಪಡೆ ಬ್ರಿಟನ್ನಿನಿಂದ ನಾಲ್ಕು ಪುಟ್ಟ ಹಡಗುಗಳನ್ನು ಪಡೆಯಿತು. ಅವುಗಳಲ್ಲಿ ಓವರ್ಟನ್ ಎಂಬ ಹಡಗಿಗೆ ಇಲ್ಲಿ ಐಎನ್‌ಎಸ್ ಕಾರವಾರ ಎಂದು ಹೆಸರಾಯಿತು. ಉಳಿದ ಮೂರಕ್ಕೆ ಕಣ್ಣೂರು, ಕಡಲೂರು, ಕಾಕಿನಾಡಗಳ ಹೆಸರು. ನಾಲ್ಕೂ ಮೈನ್‌ಸ್ವೀಪರ್‌ಗಳು, ಅಂದರೆ ಶತ್ರು ಕಡಲಲ್ಲಿ ಹುದುಗಿಸಿಟ್ಟ ಸ್ಫೋಟಕಗಳನ್ನು ಗುಡಿಸಿ ದಾರಿ ತೆರವು ಮಾಡುವ ಹಡಗುಗಳು. ನಾಲ್ಕರ ಒಡಲೂ ಮರದ್ದು. ಅಣುಬಾಂಬಿನ ಕಾಲದಲ್ಲಿ ನೌಕಾಪಡೆಗಳು ಮತ್ತೆ ಬಡಗಿಯನ್ನು ಹುಡುಕಿಕೊಂಡು ಹೋಗಿದ್ದೇಕೆ? ಉತ್ತರ ಥೇಮ್ಸ್ ನದಿಯ ಅಳಿವೆಯಲ್ಲಿದೆ.

1939ರ ನವೆಂಬರ್. ಯುದ್ಧ ಶುರುವಾಗಿ ಮೂರು ತಿಂಗಳೂ ಆಗಿರಲಿಲ್ಲ. ಬ್ರಿಟನ್ನಿನ ಬಂದರುಗಳ ಬಾಗಿಲಲ್ಲೇ ಹಡಗುಗಳು ಒಂದರ ಹಿಂದೊಂದು ಮುಳುಗುತ್ತಿದ್ದವು. ಹಡಗು ತಾಗದೆಯೇ ಸಿಡಿಯುವ ಈ ಹೊಸ ಮೈನ್ ಎಂಥದ್ದೆಂದು ಬಿಚ್ಚಿ ನೋಡಲು ಒಂದೂ ಕೈಗೆ ಸಿಕ್ಕಿರಲಿಲ್ಲ. 22ರ ರಾತ್ರಿ ಜರ್ಮನ್ ವಿಮಾನವೊಂದು ಪ್ಯಾರಾಚೂಟಿನಲ್ಲಿ ಇಳಿಬಿಟ್ಟ ಮೈನ್ ಶೂಬರಿನೆಸ್ ಬಳಿ ಆಳವಿಲ್ಲದ ನೀರಿಗೆ ಬಿತ್ತು. ಕಡಲು ಇಳಿದಾಗ ಕೆಸರಿನಲ್ಲಿ ಅದರ ಕಪ್ಪು ಮೈ ಬಯಲಾಯಿತು.

ಬಿಚ್ಚಲು ಬಂದವರು ಲೆಫ್ಟಿನೆಂಟ್ ಕಮಾಂಡರ್ ಜಾನ್ ಊವ್ರಿ. ಕಾಂತಶಕ್ತಿಯ ಗುಮಾನಿ ಇದ್ದುದರಿಂದ ಕಬ್ಬಿಣದ ಸ್ಪ್ಯಾನರ್ ಹತ್ತಿರ ಒಯ್ಯುವಂತಿರಲಿಲ್ಲ. ಹಿತ್ತಾಳೆಯ ಉಪಕರಣಗಳನ್ನು ಅಲ್ಲೇ ಮಾಡಿಸಿದರು. 23ರ ಮಧ್ಯಾಹ್ನ ಮರಳಿ ಇಳಿತ ಬಂದಾಗ ಊವ್ರಿ ಮತ್ತು ಚೀಫ್ ಪೆಟ್ಟಿ ಆಫೀಸರ್ ಬಾಲ್ಡ್ವಿನ್ ಮೈನಿನ ಬಳಿ ಕುಳಿತರು. ಲೂಯಿಸ್ ಮತ್ತು ವರ್ನ್‌ಕೋಂಬ್ ಎಂಬ ಇನ್ನಿಬ್ಬರು ದೂರದಲ್ಲಿ ನಿಂತರು. ಮುಂದೆ ಯಾವ ಭಾಗಕ್ಕೆ ಕೈ ಹಾಕುತ್ತೇವೆಂದು ಅವರಿಗೆ ಮೊದಲೇ ತಿಳಿಸಬೇಕು, ಆಮೇಲೆ ಬಿಚ್ಚಬೇಕು. ಸಿಡಿದರೂ ಎಲ್ಲಿ ಸಿಡಿಯಿತೆಂಬ ತಿಳಿವಳಿಕೆ ಮುಂದಿನವರಿಗೆ ಉಳಿಯಲಿ ಎಂಬುದೇ ಈ ಏರ್ಪಾಡಿನ ಉದ್ದೇಶ. ಯುದ್ಧಗಳ ಬಗ್ಗೆ ನಾನು ಓದಿದ ಸಾಹಸಗಳಲ್ಲಿ ಇಷ್ಟು ತಣ್ಣಗಿನ ಧೈರ್ಯ ಇನ್ನೊಂದಿಲ್ಲ. ಮೈನ್ ಸಿಡಿಯಲಿಲ್ಲ. ಡಿಸೆಂಬರಿನಲ್ಲಿ ದೊರೆ ಆರನೆಯ ಜಾರ್ಜ್ ಇವರಿಗೆ ಪದಕ ತೊಡಿಸಿದರು. ಬಾಲ್ಡ್ವಿನ್ ಮುಂದೆ ಇಂಥದ್ದೇ ಕೆಲಸದಲ್ಲಿ ಪ್ರಾಣಬಿಟ್ಟರು.

ಆ ಮೈನಿನೊಳಗಿದ್ದದ್ದು ದಿಕ್ಸೂಚಿಯಂಥ ಒಂದು ಮುಳ್ಳು. ಭೂಮಿಯ ಕಾಂತಕ್ಷೇತ್ರದಲ್ಲಿ ಉಕ್ಕಿನ ಹಡಗು ತಾನೇ ಒಂದು ಅಯಸ್ಕಾಂತವಾಗಿರುತ್ತದೆ. ಅದು ಮೇಲೆ ಹಾದರೆ ಮುಳ್ಳು ತಿರುಗುತ್ತದೆ, ಮೈನ್ ಸಿಡಿಯುತ್ತದೆ. ಹಡಗಿನ ಸುತ್ತ ವಿದ್ಯುತ್ ಸುರುಳಿ ಸುತ್ತಿ ಅದರ ಕಾಂತತೆಯನ್ನು ತಗ್ಗಿಸುವ ಉಪಾಯ ಬೇಗನೆ ಬಳಕೆಗೆ ಬಂತು. ಆದರೆ ಗುಡಿಸುವ ಹಡಗಿಗೆ ಅಷ್ಟು ಸಾಲದು. ಅದು ಹಿಂದೆ ಉದ್ದನೆಯ ತೇಲುವ ಕೇಬಲ್ ಎಳೆದುಕೊಂಡು, ಉಪ್ಪುನೀರಿನ ಮೂಲಕವೇ ವಿದ್ಯುತ್ ಹರಿಸಿ, ತನ್ನಿಂದ ದೂರದಲ್ಲಿ ಮೈನನ್ನು ಸಿಡಿಸಬೇಕು. ಹಾಗೆಂದರೆ ಮೈನಿನ ಮೇಲೆ ಮೊದಲು ಹಾಯುವುದು ಅದೇ. ಆ ಮುಳ್ಳು ಅದನ್ನು ಗುರುತಿಸಲೇಬಾರದು.

ಕಾರವಾರವೂ ಸೇರಿದ್ದ ಟನ್ ವರ್ಗದ ವಿನ್ಯಾಸ ಹುಟ್ಟಿದ್ದು ಈ ಅಗತ್ಯದಿಂದ. ಕೊರಿಯಾ ಯುದ್ಧದ ಹೊತ್ತಿಗೆ ಬ್ರಿಟನ್ ನೂರಕ್ಕೂ ಹೆಚ್ಚು ಇಂಥ ಹಡಗುಗಳಿಗೆ ಕೈ ಹಾಕಿತು. ಸುಮಾರು 46 ಮೀಟರ್ ಉದ್ದ. ಅಲ್ಯೂಮಿನಿಯಂ ಪಕ್ಕೆಲುಬು, ಅದರ ಮೇಲೆ ಎರಡು ಪದರ ಮಹಾಗನಿ ಹಲಗೆ. ಬಹುಪಾಲು ಹಡಗುಗಳಿಗೆ ಕೂರಿಸಿದ ಡೆಲ್ಟಿಕ್ ಡೀಸೆಲ್ ಎಂಜಿನ್ನಿನಲ್ಲಿ 18 ಸಿಲಿಂಡರುಗಳು ತ್ರಿಕೋನಾಕಾರದಲ್ಲಿ ಜೋಡಣೆಗೊಂಡಿದ್ದವು. ಅದರಲ್ಲೂ ಹೇರಳ ಅಲ್ಯೂಮಿನಿಯಂ. ಮರ ಕೊರೆಯುವ ಕಡಲಹುಳುವಿನಿಂದ ಕಾಯಲು ನೀರಿನಡಿಯ ಭಾಗಕ್ಕೆ ನೈಲಾನ್ ಹೊದಿಕೆ ಬಂತು.

ಮರಕ್ಕೆ ಸತತ ಆರೈಕೆ ಬೇಕು, ನುರಿತ ಕೈ ಬೇಕು. 1973ರಲ್ಲಿ ಬ್ರಿಟನ್ನಿನ ಎಚ್‌ಎಂಎಸ್ ವಿಲ್ಟನ್ ಗಾಜುನಾರಿನ ಪ್ಲಾಸ್ಟಿಕ್ ಒಡಲಿನ ಮೊದಲ ಯುದ್ಧನೌಕೆಯಾಗಿ ಸೇವೆಗೆ ಸೇರಿತು. ಅದರ ಯಂತ್ರಗಳು ಹಳೆಯ ಟನ್ ಹಡಗೊಂದರವು. ಜಪಾನ್ ಮಾತ್ರ ಹಠ ಹಿಡಿದಂತೆ ಈ ಶತಮಾನದಲ್ಲೂ ಮರದಲ್ಲಿ ಕಟ್ಟಿತು. 1991ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ 34 ಮೈನುಗಳನ್ನು ನಿವಾರಿಸಿದ ಅದರ ಮೈನ್‌ಸ್ವೀಪರ್‌ಗಳೂ ಮರದವೇ. ಇತ್ತ 1976ರಲ್ಲಿ ಯುವರಾಜ ಚಾರ್ಲ್ಸ್ ಕಪ್ತಾನರಾಗಿದ್ದ ಟನ್ ವರ್ಗದ ಬ್ರಾನಿಂಗ್ಟನ್, ನಿವೃತ್ತಿಯ ಬಳಿಕ ಆರೈಕೆ ಕಾಣದೆ 2016ರಲ್ಲಿ ಬರ್ಕನ್‌ಹೆಡ್ ಡಾಕ್‌ನಲ್ಲೇ ಮುಳುಗಿತು.

ನಮ್ಮ ಮರದ ಕಾರವಾರವೂ ಈಗಿಲ್ಲ. 1986ರಲ್ಲಿ ಅದೇ ಹೆಸರಿನಲ್ಲಿ ಸೋವಿಯತ್ ದೇಶದಿಂದ ಬಂದ ಉಕ್ಕಿನ ಹಡಗು 2017ರಲ್ಲಿ ನಿವೃತ್ತವಾಯಿತು. 2019ರಲ್ಲಿ ಐಎನ್‌ಎಸ್ ಕೋಯಿಕ್ಕೋಡ್ ಕೂಡ ಹೊರಟ ಮೇಲೆ ಭಾರತದ ಬಳಿ ಮೈನ್‌ಸ್ವೀಪರ್ ಇಲ್ಲದಾಯಿತು. ಇಷ್ಟು ಉದ್ದದ ಕರಾವಳಿ ಇರುವ ದೇಶಕ್ಕೆ ಇದು ಸಣ್ಣ ಕೊರತೆಯಲ್ಲ.

ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಊರಿನ ಹೆಸರು ಹೊತ್ತು ದುಡಿದ ಆ ಮರದ ಹಡಗಿಗೂ ಅಲ್ಲಿ ಜಾಗ ಸಲ್ಲಬೇಕು. ಉತ್ತರ ಕನ್ನಡದ ದೋಣಿ ಕಟ್ಟುವ ಬಡಗಿಗಳಿಂದಲೇ ಅದರ ಮಾದರಿಯೊಂದನ್ನು ಮಾಡಿಸಿ ಇಡುವ ಕೆಲಸವನ್ನು ಜಿಲ್ಲಾಡಳಿತ ಮತ್ತು ನೌಕಾಪಡೆ ಸೇರಿ ಕೈಗೆತ್ತಿಕೊಳ್ಳಲಿ.