ಚಳಿಗಾಲದ ಹವೆಯೂ ಮುನ್ಸೂಚನೆಯೂ

ಎತ್ತರದ ಸೀಮೆಯಲ್ಲಿಯೇ ಚಳಿ ಹೆಚ್ಚೆಂದು ಸಾಮಾನ್ಯವಾಗಿ ನಂಬುವರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದರೂ ಅಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ, 1884ನೆಯ ಜನವರಿಯಲ್ಲಿ, 7.8 ಡಿಗ್ರಿ ಸೆಂಟಿಗ್ರೇಡ್. ಅದಕ್ಕಿಂತ ತಗ್ಗಿನಲ್ಲಿರುವ ಬೀದರಿನಲ್ಲಿಯಾದರೋ 1918ನೆಯ ಡಿಸೆಂಬರಿನಲ್ಲಿ 2.8 ಡಿಗ್ರಿಗೆ ಇಳಿದಿತ್ತು. ಬೀದರು ಉತ್ತರಕ್ಕಿದ್ದು ಒಳನಾಡಿನ ಒಣಗಾಳಿಗೆ ಸಿಕ್ಕುವುದು. ಮೋಡವಿಲ್ಲದ ರಾತ್ರಿ ಭೂಮಿಯು ಹಗಲಿನ ಶಾಖವನ್ನು ಬೇಗನೆ ಬಿಟ್ಟುಕೊಡುವುದು. ಬೆಂಗಳೂರಿಗೆ ಹಿಂಗಾರಿನ ಮೋಡವು ಹೊದಿಕೆಯಾಗುವುದುಂಟು. ಮಂಗಳೂರಿಗೆ ಸಮುದ್ರವೇ ಕಾವಲು.

ಮುನ್ಸೂಚನೆಯನ್ನು ಓದುವಾಗ ಗ್ರಾಮದ ಯಜಮಾನರು ಒಂದು ಸಂಗತಿಯನ್ನು ಮರೆಯಕೂಡದು. ಹವಾಮಾನ ಇಲಾಖೆಯವರು ಹೇಳುವ ಅಂಕಿಯು ನೆಲದಿಂದ ಸುಮಾರು ನಾಲ್ಕು ಅಡಿ ಮೇಲೆ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗಿಟ್ಟ ಉಷ್ಣಮಾಪಕದ್ದು. ನಿರ್ಮಲವೂ ನಿಶ್ಚಲವೂ ಆದ ರಾತ್ರಿಯಲ್ಲಿ ನೆಲದ ಮಟ್ಟದ ಉಷ್ಣತೆಯು ಅದಕ್ಕಿಂತ ಕೆಲವು ಡಿಗ್ರಿ ಕಡಿಮೆ. ತಣ್ಣನೆಯ ಗಾಳಿಯು ನೀರಿನಂತೆಯೇ ತಗ್ಗಿಗೆ ಇಳಿಯುವುದರಿಂದ ಒಂದೇ ಊರಿನಲ್ಲಿ ಹಳ್ಳದ ಮಗ್ಗುಲ ಹೊಲಕ್ಕೂ ದಿಣ್ಣೆಯ ಹೊಲಕ್ಕೂ ವ್ಯತ್ಯಾಸವುಂಟು.

ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣತೆಯು 10 ಡಿಗ್ರಿಗೆ ಅಥವಾ ಅದಕ್ಕೂ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದಾಗ ಇಲಾಖೆಯು ಶೀತಗಾಳಿಯೆಂದು ಸಾರುವುದು. ಆ ಮಾತು ಬರುವವರೆಗೆ ಕಾದಿರಬಾರದು. ತುಂಗಭದ್ರಾ ನೀರಾವರಿಯ ಗಂಗಾವತಿ, ಸಿಂಧನೂರು ಸೀಮೆಗಳ ಬೇಸಿಗೆ ಭತ್ತದ ಸಸಿಗೆ ಮೊದಲೇ ಪೆಟ್ಟು ತಗಲಬಹುದು. ಚಳಿ ಹಿಡಿದ ಸಸಿ ಹಳದಿಗಟ್ಟಿ ಕುಗ್ಗುವುದು; ಇದನ್ನು ಗೊಬ್ಬರದ ಕೊರತೆಯೆಂದು ಬಗೆದು ಯೂರಿಯಾ ಸುರಿಯುವವರುಂಟು. ವೃಥಾ ವೆಚ್ಚ! ಸಾಯಂಕಾಲ ಮಡಿಗೆ ನೀರು ನಿಲ್ಲಿಸಿ, ಬೆಳಿಗ್ಗೆ ಆ ತಣ್ಣೀರನ್ನು ಹೊರಬಿಟ್ಟು ಹೊಸ ನೀರು ಹಾಯಿಸತಕ್ಕದ್ದು. ಕೊಳವೆಬಾವಿಯ ನೀರು ದೊರೆತರೆ ಇನ್ನೂ ಮೇಲು, ಅದು ಚಳಿಗಾಲದ ಬೆಳಿಗ್ಗೆಯೂ ಬೆಚ್ಚಗಿರುವುದು.