ಲಿಸನಿಂಗ್ ಟೆಸ್ಟ್: ತಪ್ಪಿದ ಉತ್ತರದ ಹಿಂದೆ ಓಡಬೇಡಿ

ಇವತ್ತಿನ ಎಪಿಸೋಡ್ ಐಇಎಲ್‌ಟಿಎಸ್ ಪರೀಕ್ಷೆಯ ಲಿಸನಿಂಗ್ ಬಗ್ಗೆ.

ನನ್ನ ಚಿಕ್ಕಮ್ಮನ ಮಗಳು ಶಿವಮೊಗ್ಗದಲ್ಲಿ ನರ್ಸ್. ಬ್ರಿಟನ್‌ಗೆ ಹೋಗಬೇಕು ಅನ್ನೋದು ಅವಳ ಆಸೆ. ಅಲ್ಲಿ ನರ್ಸ್‌ಗಳ ನೋಂದಣಿ ಮಾಡುವ ಎನ್‌ಎಂಸಿ, ಐಇಎಲ್‌ಟಿಎಸ್ ಬರೆದು ಬರುವವರಿಂದ ಲಿಸನಿಂಗ್‌ನಲ್ಲಿ ಬ್ಯಾಂಡ್ 7 ಕೇಳುತ್ತೆ. ಇವಳಿಗೆ ಬಂದಿದ್ದು 6.5. "ಅಣ್ಣಾ, ಇಂಗ್ಲಿಷ್ ಅರ್ಥ ಆಗುತ್ತೆ. ಆದ್ರೂ ಮಾರ್ಕ್ಸ್ ಎಲ್ಲಿ ಹೋಗ್ತಿದೆ ಅಂತ ಗೊತ್ತಾಗ್ತಿಲ್ಲ" ಅಂದಳು.

ದಿನವಿಡೀ ಹೆಡ್‌ಫೋನ್ ಹಾಕ್ಕೊಂಡಿರೋ ನನಗೆ ಇದೇನು ಮಹಾ ಅಂದುಕೊಂಡು, ಅವಳ ಜೊತೆ ನಾನೂ ಒಂದು ಪ್ರಾಕ್ಟೀಸ್ ಟೆಸ್ಟ್ ಬರೆದೆ. 14ನೇ ಉತ್ತರ ಕಿವಿಗೆ ಬೀಳಲಿಲ್ಲ. ಅವನು ಏನಂದ ಅಂತ ಯೋಚಿಸ್ತಾ ಕೂತೆ. ಎಚ್ಚರ ಆಗೋ ಹೊತ್ತಿಗೆ ಆಡಿಯೋ 18ಕ್ಕೆ ಬಂದಿತ್ತು. ಒಂದು ಮಾರ್ಕ್ ಹೋಗೋ ಕಡೆ ನಾಲ್ಕು ಹೋಯ್ತು. ಅವಳ ಮಾರ್ಕ್ಸ್ ಎಲ್ಲಿ ಹೋಗ್ತಿದೆ ಅನ್ನೋದು ಆಗ ಗೊತ್ತಾಯ್ತು.

ಲೆಕ್ಕ ಸರಳ. ನಾಲ್ಕು ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷ. ಪ್ರಶ್ನೆಗೆ ಒಂದು ಮಾರ್ಕ್. ಆಡಿಯೋ ಒಂದೇ ಸಲ ಪ್ಲೇ ಆಗುತ್ತೆ. 23 ಸರಿಯಾದರೆ ಸುಮಾರು ಬ್ಯಾಂಡ್ 6, 30 ಸರಿಯಾದರೆ ಸುಮಾರು 7. ಅಂದರೆ ಒಂದು ಬ್ಯಾಂಡ್‌ನ ವ್ಯತ್ಯಾಸ ಏಳೇ ಪ್ರಶ್ನೆ. ಎರಡು ಕಡೆ ನನ್ನ ಹಾಗೆ ಕಳೆದುಹೋದರೆ ಅಷ್ಟೂ ಹೋಯ್ತು.

ಬಿಕಾಂನಲ್ಲಿ ಕಲಿತ ಒಂದು ಪಾಠ ಇಲ್ಲಿಗೆ ಸರಿಹೊಂದುತ್ತೆ. ವಾಪಸ್ ಬರದ ಸಾಲವನ್ನು ಲೆಕ್ಕದಿಂದ ತೆಗೆದುಹಾಕಿ ಮುಂದೆ ಹೋಗಬೇಕು. ಉತ್ತರ ತಪ್ಪಿತಾ? ಆ ಜಾಗ ಖಾಲಿ ಬಿಟ್ಟು ಮುಂದಿನ ಪ್ರಶ್ನೆಗೆ ಕಣ್ಣು ಹಾಯಿಸಿ. ಉತ್ತರಗಳು ಸಾಮಾನ್ಯವಾಗಿ ಪ್ರಶ್ನೆಗಳ ಕ್ರಮದಲ್ಲೇ ಬರುತ್ತವೆ. ಹಾಗಾಗಿ ಕೇಳುವಾಗ ಕಣ್ಣು ಯಾವಾಗಲೂ ಎರಡು ಪ್ರಶ್ನೆಗಳ ಮೇಲಿರಲಿ: ಈಗಿನದು ಮತ್ತು ಮುಂದಿನದು. ಮುಂದಿನ ಪ್ರಶ್ನೆಯ ವಿಷಯ ಶುರುವಾದರೆ ಹಿಂದಿನದು ಮುಗೀತು ಅಂತಲೇ ಅರ್ಥ. ತಪ್ಪು ಉತ್ತರಕ್ಕೆ ಮಾರ್ಕ್ ಕಳೆಯೋದಿಲ್ಲ, ಆದ್ದರಿಂದ ಖಾಲಿ ಬಿಟ್ಟ ಜಾಗಕ್ಕೆ ಕೊನೆಯಲ್ಲಿ ಊಹಿಸಿಯಾದರೂ ಏನಾದರೂ ಬರೆಯಿರಿ.

ಇನ್ನು ಬಲೆಗಳು. ಮೊದಲನೇದು, ಮಾತು ಬದಲಿಸೋದು. "ಟ್ಯೂಸ್‌ಡೇ ಬರ್ತೀನಿ... ಓ ಸಾರಿ, ಅವತ್ತು ರಜಾ, ಥರ್ಸ್‌ಡೇ ಬರ್ತೀನಿ" ಅನ್ನೋ ಥರ. ಮೊದಲು ಕೇಳಿದ್ದನ್ನೇ ಬರೆದು ಪೆನ್ ಕೆಳಗಿಟ್ಟರೆ ಕೆಟ್ಟಿರಿ. "ಬಟ್", "ಆ್ಯಕ್ಚುಲಿ" ಕೇಳಿದ ಕೂಡಲೇ ಕಿವಿ ನೆಟ್ಟಗಾಗಲಿ.

ಎರಡನೇದು, ಬೇರೆ ಪದ. ಪ್ರಶ್ನೆಯಲ್ಲಿ "ಫ್ರೀ" ಅಂತ ಇದ್ದರೆ ಆಡಿಯೋದಲ್ಲಿ ದುಡ್ಡು ಕೊಡೋದು ಬೇಡ ಅನ್ನೋ ಅರ್ಥದ ಮಾತು ಬರಬಹುದು. ಪದಕ್ಕೆ ಕಾಯಬೇಡಿ, ಅರ್ಥಕ್ಕೆ ಕಾಯಿರಿ. ಪ್ರತಿ ಭಾಗಕ್ಕೂ ಮುಂಚೆ ಪ್ರಶ್ನೆ ಓದೋಕೆ ಸಮಯ ಕೊಡ್ತಾರೆ. ಖಾಲಿ ಜಾಗಕ್ಕೆ ಬರೋದು ಹೆಸರಾ, ಸಂಖ್ಯೆನಾ, ಜಾಗನಾ ಅಂತ ಆಗಲೇ ಊಹಿಸಿ.

ಮೂರನೇದು, ಬರೆಯೋದರಲ್ಲಿ ಆಗುವ ತಪ್ಪು. ಎರಡು ಪದ ಮೀರಬಾರದು ಅಂದಿದ್ದರೆ ಮೂರು ಬರೆದವರ ಉತ್ತರ ತಪ್ಪು. ಸ್ಪೆಲಿಂಗ್ ತಪ್ಪಿದರೂ ತಪ್ಪೇ. "ಟಿಕೆಟ್ಸ್" ಅಂದಾಗ ಕೊನೆಯ "ಎಸ್" ಬಿಟ್ಟರೂ ಮಾರ್ಕ್ ಹೋಗುತ್ತೆ. "ಥರ್ಟೀನ್", "ಥರ್ಟಿ" ನಡುವೆ ಗೊಂದಲ ಆದರೆ ಒತ್ತು ಎಲ್ಲಿದೆ ಗಮನಿಸಿ. ಥರ್ಟಿಯಲ್ಲಿ ಒತ್ತು ಶುರುವಿನಲ್ಲೇ ಇರುತ್ತೆ. ಉತ್ತರ ಪರಿಶೀಲಿಸೋಕೆ ಕಂಪ್ಯೂಟರ್ ಪರೀಕ್ಷೆಯಲ್ಲಿ 2 ನಿಮಿಷ ಇರುತ್ತೆ. ಆ ಸಮಯ ಸ್ಪೆಲಿಂಗ್‌ಗೇ ಮೀಸಲಿಡಿ.

ಮನೆಯಲ್ಲಿ ಅಭ್ಯಾಸ ಹೀಗೆ ಮಾಡಿ: ಬ್ರಿಟಿಷ್ ಅಥವಾ ಆಸ್ಟ್ರೇಲಿಯನ್ ಪಾಡ್‌ಕಾಸ್ಟ್ ಒಂದರ ಐದು ನಿಮಿಷವನ್ನು ಪಾಸ್ ಒತ್ತದೆ, ಒಂದೇ ಸಲ ಕೇಳಿ. ಕೇಳಿದ ಹೆಸರು, ಸಂಖ್ಯೆ ಬರೆದುಕೊಳ್ಳಿ. ಆಮೇಲೆ ಟ್ರಾನ್ಸ್‌ಕ್ರಿಪ್ಟ್ ಇಟ್ಟುಕೊಂಡು ಎಲ್ಲಿ ತಪ್ಪಿತು ನೋಡಿ. ಹಿಂದಕ್ಕೆ ಸರಿಸಿ ಕೇಳೋದು ನಮ್ಮ ಬೆರಳಿಗೆ ಅಂಟಿದ ಚಟ, ಪರೀಕ್ಷೆಯಲ್ಲಿ ಆ ಬಟನ್ ಇರಲ್ಲ.

ತಂಗಿಗೆ ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಈಗ ಒಂದು ಉತ್ತರ ತಪ್ಪಿದರೆ "ಹೋಗ್ಲಿ ಬಿಡು" ಅಂತ ತನಗೆ ತಾನೇ ಹೇಳಿಕೊಂಡು ಮುಂದಕ್ಕೆ ಹೋಗ್ತಾಳೆ. ನೀವೂ ಹಾಗೇ ಮಾಡಿ. ಆಲ್ ದಿ ಬೆಸ್ಟ್!